ಹೊಲಿಗೆ ಮಂತ್ರ ರಿಪೇರಿ

ನಮ್ಮ ಬೀದಿಯಲ್ಲಿ ಅವರನ್ನು ಎಲ್ಲರೂ ಮಂತ್ರದವರು ಅಂತಲೇ ಕರೆಯುವುದು. ಹೊಸಬರು ಕೇಳಿದರೆ ಏನೋ ಕಣಿ ಹೇಳುವವರಿರಬೇಕು ಅಂದುಕೊಳ್ಳುತ್ತಾರೆ. ಒಮ್ಮೆ ಒಬ್ಬರು ಕಳೆದುಹೋದ ಸೈಕಲ್ ಯಾವ ದಿಕ್ಕಿಗೆ ಹೋಗಿದೆ ಹೇಳಿ ಎಂದು ಕೇಳಿಕೊಂಡು ಬಂದೇಬಿಟ್ಟಿದ್ದರು. ನಿಜವಾಗಿ ಅವರು ಮಾಡುವುದು ಹೊಲಿಗೆ ಯಂತ್ರದ ರಿಪೇರಿ. ನಾನು ಅವರ ಪಕ್ಕದ ಅಂಗಡಿಯವನು. ನನ್ನದು ಜೆರಾಕ್ಸ್, ಲ್ಯಾಮಿನೇಷನ್. ಎರಡು ಅಂಗಡಿಗೂ ನಡುವೆ ಒಂದೇ ತೆಳು ಗೋಡೆ. ಅವರು ಆ ಕಡೆ ಸುತ್ತಿಗೆಯಲ್ಲಿ ತಟ್ಟಿದರೆ ಈ ಕಡೆ ನನ್ನ ಮೇಜಿನ ಮೇಲಿನ ಕಾಗದ ಅಲುಗುತ್ತದೆ. ಆದ್ದರಿಂದ ಅವರ ವಿಷಯ ನನಗೆ ಸಾಕಷ್ಟು ಗೊತ್ತು. ಗೊತ್ತಿಲ್ಲದ್ದನ್ನು ಅವರ ಭಾಮೈದ ಹೇಳಿದ್ದಾನೆ. ಅವನಿಗೆ ಹೇಳದೆ ಇರಲು ಬರುವುದಿಲ್ಲ.

ಅವರು ಇಪ್ಪತ್ತೆರಡು ವರ್ಷ ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ಮೆಕ್ಯಾನಿಕ್ ಆಗಿದ್ದರು. ಒಂದೇ ಸೂರಿನಡಿ ಮುನ್ನೂರು ಮೆಷಿನ್. ಯಾವುದಾದರೂ ನಿಂತರೆ ಹೊಲಿಯುವವರು ಕೂತಲ್ಲಿಂದಲೇ ಕೈ ಎತ್ತುತ್ತಿದ್ದರು, ಇವರು ಹೋಗಿ ಸರಿಮಾಡಿ ಬರುತ್ತಿದ್ದರು. ಮಾತಿಗೆ ಜಾಗವೇ ಇರಲಿಲ್ಲ. ಆ ಗದ್ದಲದಲ್ಲಿ ಮಾತಾಡಿದರೂ ಕೇಳುತ್ತಿರಲಿಲ್ಲ. ತಾನು ಯಾರು, ಏನು ಕೆಲಸ ಬಲ್ಲೆ ಎಂದು ಒಬ್ಬರಿಗಾದರೂ ಹೇಳಬೇಕಾದ ಸಂದರ್ಭ ಇಪ್ಪತ್ತೆರಡು ವರ್ಷದಲ್ಲಿ ಬರಲಿಲ್ಲ. ಆಮೇಲೆ ಕಾರ್ಖಾನೆ ಬೇರೆ ಊರಿಗೆ ಎದ್ದು ಹೋಯಿತು. ಅವರ ಹೆಂಡತಿ ಇಲ್ಲಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಅವರ ಕೆಲಸ ಬಿಡಿಸಿ ಕರೆದುಕೊಂಡು ಹೋಗುವುದು ಇವರಿಗೆ ಸರಿ ಕಾಣಲಿಲ್ಲ. ಉಳಿದುಕೊಂಡರು. ಐವತ್ತು ಹತ್ತಿರವಾಗಿದ್ದಾಗ ನನ್ನ ಪಕ್ಕದ ಖಾಲಿ ಮಳಿಗೆ ಹಿಡಿದು ಅಂಗಡಿ ತೆರೆದರು.

ಅಂಗಡಿ ಎಂದರೆ ಎಂಟಡಿ ಅಗಲ, ಹತ್ತಡಿ ಉದ್ದ. ಗೋಡೆಗೆ ಸೇರಿಸಿದ ಒಂದು ಮರದ ಬೆಂಚು, ಅದರ ತುದಿಗೆ ಬಿಡಿಭಾಗ ಬಿಗಿಹಿಡಿಯುವ ಒಂದು ವೈಸ್, ಮೇಲೆ ಟ್ಯೂಬ್‌ಲೈಟು. ಸ್ಕ್ರೂಡ್ರೈವರ್‌ಗಳನ್ನೆಲ್ಲ ಎತ್ತರದ ಕ್ರಮದಲ್ಲಿ, ಶಾಲೆಯ ಪ್ರಾರ್ಥನೆಗೆ ನಿಲ್ಲಿಸಿದ ಮಕ್ಕಳ ಹಾಗೆ ತೂಗುಹಾಕಿದ್ದರು. ಎಲ್ಲಾ ಸರಿ, ಗಿರಾಕಿ ಮಾತ್ರ ಇಲ್ಲ. ವಾರಕ್ಕೆ ಒಬ್ಬರೋ ಇಬ್ಬರೋ ಮನೆಯ ಹಳೆಯ ಮೆಷಿನ್ ಹೊತ್ತು ತಂದರೆ ಹೆಚ್ಚು. ಅದರ ಮೇಲೆ ಇವರು ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಿದ್ದರು.

ನಾನು ಒಂದು ದಿನ ಹೇಳಿದೆ: "ಸಾರ್, ಬಂದವರು ನಿಮ್ಮ ಬೆನ್ನು ನೋಡಿ ವಾಪಸ್ ಹೋಗ್ತಿದ್ದಾರೆ. ಸ್ವಲ್ಪ ತಿರುಗಿ ಕೂತ್ಕೊಳ್ಳಿ."

"ಬೆಳಕು ಆ ಕಡೆಯಿಂದ ಬರುತ್ತೆ," ಅಂದರು. ಅಲ್ಲಿಗೆ ಮಾತು ಮುಗಿಯಿತು.

ಎಂಟು ತಿಂಗಳು ಹೀಗೇ ನಡೆಯಿತು. ಕೊನೆಗೆ ಅಖಾಡಕ್ಕೆ ಇಳಿದವನು ಭಾಮೈದ, ಟೀಚರ್ ಅವರ ತಮ್ಮ. ವಿಮೆ ಏಜೆಂಟ್. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರ ವಯಸ್ಸು, ಮಕ್ಕಳೆಷ್ಟು, ಬಿಪಿ ಇದೆಯೋ ಇಲ್ಲವೋ ಎಲ್ಲವನ್ನೂ ಎರಡು ನಿಲ್ದಾಣದೊಳಗೆ ತಿಳಿದುಕೊಳ್ಳುವವನು. ಪ್ರತಿ ಗುರುವಾರ ಬೆಳಿಗ್ಗೆ ಏಳಕ್ಕೆ ಒಂದು ಟೀ ಅಂಗಡಿಯ ಮಹಡಿ ಕೋಣೆಯಲ್ಲಿ ಸಣ್ಣ ವ್ಯಾಪಾರಸ್ಥರದೊಂದು ಕೂಟ ಸೇರುತ್ತಿತ್ತು. ಭಾಮೈದ ಅದರ ಹಳೆಯ ಸದಸ್ಯ.

ಕೂಟದ ನಿಯಮ ಸರಳ. ಒಂದು ಕಸುಬಿಗೆ ಒಬ್ಬರೇ. ಪ್ರತಿಯೊಬ್ಬರೂ ಎದ್ದು ನಿಂತು ಒಂದು ನಿಮಿಷ ತಮ್ಮ ಕೆಲಸದ ಬಗ್ಗೆ ಹೇಳಬೇಕು. ಆಮೇಲೆ, ಆ ವಾರ ತಮಗೆ ಎದುರಾದವರಲ್ಲಿ ಕೂಟದ ಯಾರ ಕೆಲಸ ಯಾರಿಗೆ ಬೇಕಾಗಿದೆ ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದು ಆ ಸದಸ್ಯರ ಕೈಗೆ ಕೊಡಬೇಕು. ಅಷ್ಟೇ.

"ಭಾವ, ಒಂದೇ ನಿಮಿಷ. ಹೆಸರು ಹೇಳಿ, ಕೆಲಸ ಹೇಳಿ, ಕಾರ್ಡ್ ಹಂಚಿ. ಮುಗೀತು," ಎಂದು ಭಾಮೈದ ಒಂದು ವಾರ ಬೆನ್ನು ಬಿದ್ದ.

"ನಂಗೆ ಬರಲ್ಲಪ್ಪ."

"ಒಂದು ನಿಮಿಷ ಮಾತಾಡಕ್ಕೆ ಯಾರಿಗೆ ಬರಲ್ಲ?"

ಟೀಚರ್ ಅಡುಗೆಮನೆಯಿಂದಲೇ, "ನಿಂಗೆ ಒಂದೇ ನಿಮಿಷಕ್ಕೆ ನಿಲ್ಸಕ್ಕೆ ಬರಲ್ಲ, ಅವರಿಗೆ ಶುರು ಮಾಡಕ್ಕೆ ಬರಲ್ಲ. ಎಲ್ಲರಿಗೂ ಒಂದೊಂದು ತೊಂದರೆ ಇರುತ್ತೆ. ಹೋಗಿ ಬನ್ನಿ ರೀ, ಯಾರೂ ತಿನ್ನಲ್ಲ," ಅಂದರಂತೆ.

ಕಾರ್ಡ್ ಅಚ್ಚಾಯಿತು. ಅಚ್ಚು ಹಾಕಿಕೊಟ್ಟದ್ದು ಅದೇ ಕೂಟದ ಅಧ್ಯಕ್ಷೆ. ಅವರದು ಸ್ವಂತ ಮುದ್ರಣಾಲಯ, ಎಲ್ಲರ ಬಾಯಲ್ಲೂ ಪ್ರೆಸ್ಸಕ್ಕ. ಕಾರ್ಡಿನ ಕಟ್ಟು ಗುರುವಾರ ಬೆಳಿಗ್ಗೆ ಕೂಟದ ಬಾಗಿಲಲ್ಲೇ ಕೈಗೆ ಬಂತು. ಭಾಮೈದ ಅದನ್ನು ಬಿಚ್ಚಿ ಹಾಗೆಯೇ ಎಲ್ಲರಿಗೂ ಹಂಚಿಬಿಟ್ಟ. ಕೂಟದಲ್ಲಿ ಸಮಯ ನೋಡುವವರು ಒಬ್ಬ ವಾಚ್ ರಿಪೇರಿಯವರು. ಹೊಸಬರ ಕಾರ್ಡನ್ನು ಗಟ್ಟಿಯಾಗಿ ಓದುವುದು ಅವರ ಪದ್ಧತಿ. ಅವರು ಕನ್ನಡಕ ಏರಿಸಿ ಓದಿದರು: "ಹೊಲಿಗೆ ಮಂತ್ರ ರಿಪೇರಿ. ಎಲ್ಲಾ ಬಗೆಯ ಮಂತ್ರಗಳನ್ನು ಸರಿಪಡಿಸಿ ಕೊಡಲಾಗುವುದು."

ಯಂತ್ರದ 'ಯ' ಪ್ರೆಸ್ಸಿನಲ್ಲಿ 'ಮ' ಆಗಿತ್ತು. ಒಂದು ಕಡೆಯಲ್ಲ, ಎರಡೂ ಕಡೆ. ಇಡೀ ಕೋಣೆ ನಕ್ಕಿತು. ಆ ನಗುವಿನ ನಡುವೆಯೇ ಇವರ ಸರದಿ ಬಂತು. ಎದ್ದು ನಿಂತರು. "ಹೊಲಿಗೆ ಮೆಷಿನ್ ರಿಪೇರಿ ಮಾಡ್ತೀನಿ," ಅಂದರು. ಸ್ವಲ್ಪ ಯೋಚಿಸಿ, "ಮಂತ್ರ ಅಲ್ಲ," ಎಂದು ಸೇರಿಸಿದರು. ಕೂತರು. ಎಂಟು ಸೆಕೆಂಡ್ ಆಗಿತ್ತು. ಒಬ್ಬರ ನಿಮಿಷವನ್ನು ಇನ್ನೊಬ್ಬರು ಬಳಸುವಂತಿಲ್ಲ ಅನ್ನುವುದು ಕೂಟದ ನಿಯಮ. ವಾಚಿನವರು ನಿಯಮಕ್ಕೆ ಕಟ್ಟುಬಿದ್ದ ಮನುಷ್ಯ. ಉಳಿದ ಐವತ್ತೆರಡು ಸೆಕೆಂಡ್ ಇಪ್ಪತ್ತೆರಡು ಜನ ಟೀ ಲೋಟ ನೋಡುತ್ತ ಸುಮ್ಮನೆ ಕೂತಿದ್ದರು. ಜೀವಮಾನದಲ್ಲಿ ಅಷ್ಟು ಉದ್ದದ ನಿಮಿಷ ನೋಡಿಲ್ಲ ಎಂದು ಭಾಮೈದ ಇವತ್ತಿಗೂ ಹೇಳುತ್ತಾನೆ.

ಪ್ರೆಸ್ಸಕ್ಕ ಮುಖ ಸಣ್ಣದು ಮಾಡಿಕೊಂಡು ಅಂದು ಮಧ್ಯಾಹ್ನವೇ ಅಂಗಡಿಗೆ ಬಂದರು. ನಾನು ಇದ್ದೆ. "ಪ್ರೂಫ್ ನೋಡಿದ್ದು ನಾನೇ. ಎಲ್ಲಾ ಹೊಸದಾಗಿ ಹಾಕಿಸಿಕೊಡ್ತೀನಿ. ಇವನ್ನ ವಾಪಸ್ ಕೊಡಿ, ಹರಿದು ಹಾಕ್ತೀನಿ," ಅಂದರು.

ಇವರು ಬೆಂಚಿನ ಮೇಲಿದ್ದ ಕಾರ್ಡನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇರಲಿ ಬಿಡಿ ಅಕ್ಕ. ಸರಿಯಾಗಿದ್ದಿದ್ರೆ ಇಷ್ಟೊತ್ತಿಗೆ ಎಲ್ಲರೂ ಮರೀತಿದ್ರು."

ನಾನು ಅವರಿಂದ ಕೇಳಿದ ಮೊದಲ ದೊಡ್ಡ ಮಾತು ಅದೇ. ಪ್ರೆಸ್ಸಕ್ಕ ನಕ್ಕು, ಟೀ ಕುಡಿದು ಹೋದರು. ಹೆಸರು ಅಂದಿನಿಂದ ಅಂಟಿಕೊಂಡಿತು.

ಇಷ್ಟಾದರೂ ಮುಂದಿನ ಗುರುವಾರಕ್ಕೆ ಮಂತ್ರದವರು ಸುತರಾಂ ಒಪ್ಪಲಿಲ್ಲ. ಟೀಚರ್ ಆಗ ಇನ್ನೊಂದು ದಾರಿ ತೋರಿಸಿದರು. "ನಮ್ಮ ಕ್ಲಾಸಲ್ಲಿ ಕೆಲವು ಮಕ್ಕಳು ಬಾಯೇ ಬಿಡಲ್ಲ. ನಾನು ಅವರಿಗೆ ಒಂದು ಕೆಲಸ ಕೊಡ್ತೀನಿ, ಬೇರೆಯವರು ಏನಂದ್ರು ಅಂತ ಬರೆದುಕೊಂಡು ಬಾ ಅಂತ. ನೀವೂ ಅದನ್ನೇ ಮಾಡಿ. ಮಾತಾಡಬೇಡಿ, ಕೇಳಿಸಿಕೊಂಡು ಬನ್ನಿ."

ಇದು ಅವರಿಗೆ ಹಿಡಿಸಿತು. ಜೇಬಿನಲ್ಲೊಂದು ಸಣ್ಣ ಪುಸ್ತಕ ಇಟ್ಟುಕೊಂಡು ಹೋದರು. ನಲ್ಲಿ ಕೆಲಸದವರು ಎಂಥ ಕೆಲಸ ಒಪ್ಪುತ್ತಾರೆ, ಎಂಥದ್ದು ಒಪ್ಪುವುದಿಲ್ಲ, ಬಣ್ಣ ಬಳಿಯುವವರಿಗೆ ಯಾವ ತಿಂಗಳಲ್ಲಿ ಕೈ ಖಾಲಿ, ವೈರಿಂಗಿನವರು ಒಬ್ಬರೇ ಬರುತ್ತಾರೋ ಇಬ್ಬರು ಬರುತ್ತಾರೋ, ಎಲ್ಲವನ್ನೂ ಬರೆದುಕೊಂಡರು. ತಮ್ಮ ನಿಮಿಷ ಬಂದಾಗ ಎದ್ದು "ಹೊಲಿಗೆ ಮೆಷಿನ್" ಎಂದು ಹೇಳಿ ಕೂರುತ್ತಿದ್ದರು. ವಾಚಿನವರು ಕ್ರಮೇಣ ನಿಯಮ ಸಡಿಲಿಸಿದರು.

ಅವರ ನಿಜವಾದ ಮಾತು ಹೊರಬಿದ್ದದ್ದು ಚೀಟಿಯಲ್ಲಿ. ಮನೆಗಳಿಗೆ ಮೆಷಿನ್ ನೋಡಲು ಹೋದಾಗ ಅವರ ಕಣ್ಣು ಅಲ್ಲಿ ಕೆಟ್ಟಿದ್ದನ್ನೆಲ್ಲ ಗಮನಿಸುತ್ತಿತ್ತು. ಕಾರ್ಖಾನೆಯ ಅಭ್ಯಾಸ. ಬೇರೆಯವರ ಚೀಟಿಯಲ್ಲಿ ಒಂದು ಹೆಸರು, ಒಂದು ಫೋನ್ ನಂಬರ್ ಇರುತ್ತಿತ್ತು. ಇವರು ನಲ್ಲಿಯವರಿಗೆ ಕೊಟ್ಟ ಮೊದಲ ಚೀಟಿ ಹೀಗಿತ್ತು: "ಹಿಂದಿನ ಬಾಗಿಲ ನಲ್ಲಿ. ವಾಷರ್ ಅಲ್ಲ, ಒಳಗಿನ ಥ್ರೆಡ್ ಸವೆದಿದೆ, ನಲ್ಲಿಯೇ ಬದಲಾಗಬೇಕು. ಅರ್ಧ ಇಂಚಿನದು ತನ್ನಿ. ಮನೆಯಲ್ಲಿ ಅಜ್ಜಿ ಒಬ್ಬರೇ, ಕಿವಿ ಮಂದ, ಬೆಲ್ ಒತ್ತಿದ ಮೇಲೆ ಕಾಯಬೇಕು. ಹನ್ನೊಂದರ ಮೇಲೆ ಹೋಗಿ, ಅದಕ್ಕೆ ಮುಂಚೆ ಸ್ನಾನ."

ನಲ್ಲಿಯವರು ಒಂದೇ ಸಲ ಹೋಗಿ ಕೆಲಸ ಮುಗಿಸಿ ಬಂದರು. ಸಾಮಾನು ತರಲು ಎರಡನೇ ಸಲ ಓಡುವುದು ತಪ್ಪಿತು. ಮುಂದಿನ ವಾರ ಆ ಚೀಟಿಯನ್ನು ಎಲ್ಲರ ಎದುರು ಓದಿ, "ಚೀಟಿ ಅಂದ್ರೆ ಹೀಗಿರಬೇಕು. ನೀವೆಲ್ಲ ಬರೆಯೋದು ಚೀಟೀನಾ?" ಎಂದು ಕೇಳಿದರು. ಅಲ್ಲಿಂದ ಗುರುವಾರ ಬಂತೆಂದರೆ ಮಂತ್ರದವರ ಚೀಟಿ ಯಾರಿಗೆ ಸಿಗುತ್ತದೆ ಎಂದು ಎಲ್ಲರೂ ಕಾಯುವ ಹಾಗಾಯಿತು.

ಹೆಚ್ಚು ಚೀಟಿ ಸಿಕ್ಕಿದ್ದು ವೈರಿಂಗಿನವರಿಗೆ. ಹಳೆಯ ಮೆಷಿನ್ ಇರುವ ಮನೆಯಲ್ಲಿ ಸ್ವಿಚ್ಚುಗಳೂ ಹಳೆಯವೇ ಇರುತ್ತವೆ ತಾನೇ. ಆತನನ್ನು ಎಲ್ಲರೂ ಫ್ಯೂಸಣ್ಣ ಅನ್ನುತ್ತಿದ್ದರು. ಕೆಲಸದಲ್ಲಿ ಚುರುಕು, ಸಿಟ್ಟು ಬೇಗ, ಇಳಿಯುವುದೂ ಬೇಗ. ಸಂಜೆ ಕೆಲಸ ಮುಗಿಸಿ ಹೋಗುವಾಗ ಮಂತ್ರದವರ ಅಂಗಡಿಯಲ್ಲಿ ಅರ್ಧ ಗಂಟೆ ಕೂತು ಹೋಗುವುದು ರೂಢಿಯಾಯಿತು. ಆತ ಮಾತಾಡುತ್ತಿದ್ದ, ಇವರು ಹ್ಞೂಂ ಅನ್ನುತ್ತ ತಿರುಪು ಬಿಗಿಯುತ್ತಿದ್ದರು. ನಾನು ಗೋಡೆಯ ಈ ಕಡೆಯಿಂದ ಕೇಳಿಸಿಕೊಳ್ಳುತ್ತಿದ್ದೆ.

ಚೀಟಿಗಳು ಇವರ ಕಡೆಗೂ ಬರತೊಡಗಿದವು. ಬಣ್ಣದವರು ಹೋದ ಮನೆಯಲ್ಲಿ ಮೂಲೆಗೆ ಬಿದ್ದ ಮೆಷಿನ್ ಕಂಡರೆ ನಮ್ಮವರೊಬ್ಬರಿದ್ದಾರೆ ಅನ್ನುತ್ತಿದ್ದರು. ಭಾಮೈದನಂತೂ ವಿಮೆಯ ಕಾಗದದ ಜೊತೆ ಇವರ ಕಾರ್ಡನ್ನೂ ಕೊಡುತ್ತಿದ್ದ. ವರ್ಷ ತುಂಬುವ ಹೊತ್ತಿಗೆ ಬೆಂಚಿನ ಕೆಳಗೆ ಸಾಲಾಗಿ ಮೆಷಿನ್ ನಿಂತವು. ಬಂದವರು ಈಗಲೂ ಅವರ ಬೆನ್ನನ್ನೇ ನೋಡುತ್ತಿದ್ದರು, ಆದರೆ ನಿಂತು ಕಾಯುತ್ತಿದ್ದರು.

ಅಷ್ಟರಲ್ಲಿ ಒಂದು ತಕರಾರು ಎದ್ದಿತು. ಕೂಟಕ್ಕೆ ಹೊಸ ಹೊಲಿಗೆ ಮೆಷಿನ್ ಮಾರುವ ಶೋರೂಮಿನವರೊಬ್ಬರು ಸೇರಿದ್ದರು. ಮೊದಮೊದಲು ನಮಸ್ಕಾರ, ಚೆನ್ನಾಗಿದ್ದೀರಾ ಎಲ್ಲಾ ನಡೆಯಿತು. ಒಂದು ಸಲ ಬಟ್ಟೆ ಹೊಲಿದುಕೊಡುವ ಹೆಂಗಸೊಬ್ಬರು ಶೋರೂಮಿನಲ್ಲಿ ಹೊಸ ಮೆಷಿನ್ ಆರಿಸಿ ಇಟ್ಟು, ಹಳೆಯದನ್ನು ತೂಕಕ್ಕೆ ಹಾಕುವ ಮುಂಚೆ ಯಾವುದಕ್ಕೂ ಇರಲಿ ಎಂದು ಮಂತ್ರದವರಿಗೆ ತೋರಿಸಿದರು. ಇವರು ಒಂದು ಸ್ಪ್ರಿಂಗ್ ಬದಲಾಯಿಸಿದರು, ಮೆಷಿನ್ ಗಡಿಯಾರದ ಹಾಗೆ ಓಡಿತು. ಹೊಸದು ಶೋರೂಮಿನಲ್ಲೇ ಉಳಿಯಿತು.

ಮುಂದಿನ ಗುರುವಾರ ಶೋರೂಮಿನವರು ಎದ್ದು ನಿಂತು, "ಒಂದು ಕಸುಬಿಗೆ ಒಬ್ಬರು ಅಂತ ನಿಯಮ ಇದೆ. ಹೊಲಿಗೆ ಮೆಷಿನ್‌ಗೆ ಇಬ್ಬರಿದ್ದೀವಿ. ಅಧ್ಯಕ್ಷರು ತೀರ್ಮಾನ ಹೇಳಲಿ," ಅಂದರು.

ಪ್ರೆಸ್ಸಕ್ಕ, "ಮಾರೋದು ಬೇರೆ, ರಿಪೇರಿ ಬೇರೆ," ಅಂದರು.

"ಅವರು ರಿಪೇರಿ ಮಾಡ್ತಾ ಹೋದ್ರೆ ನಂದು ಯಾರು ತಗೋತಾರೆ? ಎರಡೂ ಒಂದೇ ಹೊಟ್ಟೆಗೆ ಹೊಡೆಯೋ ವಿಷಯ."

ಫ್ಯೂಸಣ್ಣ ಥಟ್ಟನೆ ಎದ್ದ. "ಸರಿಯಾಗಿರೋದನ್ನ ಕೆಟ್ಟಿದೆ ಅಂತ ಹೇಳಿ ಮಾರಬೇಕಾ ಹಾಗಾದ್ರೆ?" ಮಾತು ಎಲ್ಲಿಂದೆಲ್ಲಿಗೋ ಹೋಯಿತು. ಮಂತ್ರದವರು ಮಾತ್ರ ಪುಸ್ತಕದಲ್ಲಿ ಏನೋ ಬರೆಯುತ್ತ ಕೂತಿದ್ದರು. ತೀರ್ಮಾನ ಮುಂದಕ್ಕೆ ಹೋಯಿತು. ಶೋರೂಮಿನವರೂ ಫ್ಯೂಸಣ್ಣನೂ ಅಂದಿನಿಂದ ಮುಖ ಕೊಟ್ಟು ಮಾತಾಡುವುದನ್ನು ನಿಲ್ಲಿಸಿದರು. ಮಂತ್ರದವರು ಅಂಗಡಿಗೆ ಬಂದು ನನ್ನ ಹತ್ತಿರ, "ನಾನು ಕೂಟ ಬಿಟ್ಟುಬಿಡಲಾ ಅಂತ ಯೋಚನೆ. ನನ್ನಿಂದ ಅವರವರಲ್ಲೇ ಮನಸ್ತಾಪ ಬೇಡ," ಅಂದರು. ನಾನು ಬೇಡ ಅಂದೆ. ಅವರು ಬೆಂಚಿನ ಕಡೆ ತಿರುಗಿ ಕೂತು ತಿರುಪು ಬಿಗಿಯತೊಡಗಿದರು.

ಎರಡು ತಿಂಗಳಾಗಿರಬೇಕು. ಒಂದು ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಪ್ರೆಸ್ಸಕ್ಕನ ಫೋನ್ ಬಂತು. ಊರಲ್ಲಿ ಹೆಂಗಸರಿಗೆ ಹೊಲಿಗೆ ಕಲಿಸುವ ಕೇಂದ್ರವೊಂದು ಹೊಸದಾಗಿ ಶುರುವಾಗುತ್ತಿತ್ತು. ಸೋಮವಾರ ಪ್ರಾರಂಭ. ಕರೆಯೋಲೆ ಅಚ್ಚು ಹಾಕಿದ್ದು ಪ್ರೆಸ್ಸಕ್ಕ. ಇಪ್ಪತ್ತು ದೊಡ್ಡ ಮೆಷಿನ್ ಕೊಟ್ಟಿದ್ದು ಶೋರೂಮಿನವರು. ವೈರಿಂಗ್ ಮಾಡಿದ್ದು ಫ್ಯೂಸಣ್ಣ. ಮೂವರನ್ನೂ ಅಲ್ಲಿಗೆ ಸೇರಿಸಿದ್ದು ಕೂಟದ ಚೀಟಿಗಳೇ. ಈಗ ಇಪ್ಪತ್ತರಲ್ಲಿ ಒಂದು ಮೆಷಿನ್ನೂ ಹೊಲಿಯುತ್ತಿಲ್ಲ, ಶೋರೂಮಿನವರೂ ಫ್ಯೂಸಣ್ಣನೂ ಕೈ ಕೈ ಮಿಲಾಯಿಸುವುದೊಂದು ಬಾಕಿ, ಬೇಗ ಬನ್ನಿ ಎಂದು ಅಕ್ಕ ಹೇಳಿದರು.

ಮಂತ್ರದವರಿಗೆ ಗಾಡಿ ಓಡಿಸಲು ಬರುವುದಿಲ್ಲ. ನನ್ನ ಸ್ಕೂಟರಿನ ಹಿಂದೆ ಕೂತರು, ಸಾಮಾನಿನ ಪೆಟ್ಟಿಗೆ ತೊಡೆಯ ಮೇಲೆ.

ಕೇಂದ್ರ ಅಂದರೆ ಒಂದು ಉದ್ದನೆಯ ಹಾಲ್. ಹೊಸ ಸುಣ್ಣದ ವಾಸನೆ, ನಾಲ್ಕು ಸಾಲು ಹೊಳೆಯುವ ಮೆಷಿನ್‌ಗಳು, ಕುರ್ಚಿಗಳಿಗೆ ಇನ್ನೂ ಪ್ಲಾಸ್ಟಿಕ್ ಹೊದಿಕೆ. ನಡುವೆ ನಿಂತು ಶೋರೂಮಿನವರು, "ಇವನ ವೈರಿಂಗಿಂದ ನನ್ನ ಇಪ್ಪತ್ತು ಮೋಟರೂ ಸುಟ್ಟಿವೆ," ಅನ್ನುತ್ತಿದ್ದರು. ಫ್ಯೂಸಣ್ಣ, "ಎಲ್ಲಿಂದಲೋ ಗುಜರಿ ತಂದು ಬಣ್ಣ ಬಳಿದು ಮಾರಿದ್ದಾರೆ," ಅನ್ನುತ್ತಿದ್ದ. ಕೇಂದ್ರದ ಮೇಲ್ವಿಚಾರಕಿ ಮೇಡಂ ಹಣೆ ಹಿಡಿದುಕೊಂಡು ಕೂತಿದ್ದರು. ಪಾಪ, ಅವರು ಕಚೇರಿ ಕೆಲಸದವರು, ಸೂಜಿಗೆ ದಾರ ಹಾಕಿದವರಲ್ಲ. ಹೊಲಿಗೆ ಕಲಿಸುವವರು ಸೇರುವುದು ಸೋಮವಾರವೇ. ಶೋರೂಮಿನ ಮೆಕ್ಯಾನಿಕ್ ತಿಂಗಳ ಹಿಂದೆ ಕೆಲಸ ಬಿಟ್ಟು ಹೋಗಿದ್ದ.

ಮಂತ್ರದವರು ಯಾರನ್ನೂ ಏನೂ ಕೇಳಲಿಲ್ಲ. ಹತ್ತಿರದ ಮೆಷಿನ್ ಮುಂದೆ ಕೂತು ಒಮ್ಮೆ ಪೆಡಲ್ ಒತ್ತಿದರು. ಬರ್ರ್ ಎಂದು ಓಡಿ ದಾರ ಕಿತ್ತುಕೊಂಡು ನಿಂತಿತು. ಎದ್ದು ಎರಡನೇ ಸಾಲಿನ ಒಂದನ್ನು ಒತ್ತಿದರು. ಕೊನೆಯ ಸಾಲಿನ ಒಂದನ್ನು ಒತ್ತಿದರು. ನನಗೆ ಅವರ ಮುಖ ಗೊತ್ತು. ಮೊದಲನೆಯದರಲ್ಲೇ ಅವರಿಗೆ ವಿಷಯ ತಿಳಿದಿತ್ತು. ಉಳಿದ ಎರಡರಲ್ಲಿ ಅವರು ಬೇರೇನೋ ಯೋಚಿಸುತ್ತಿದ್ದರು.

"ಮೋಟರ್ ಸುಟ್ಟಿಲ್ಲ. ಮೆಷಿನ್ನೂ ಹೊಸದೇ," ಎಂದು ಮೇಡಂಗೆ ಹೇಳಿದರು. "ಹತ್ತು ನಿಮಿಷ ಕೊಡಿ." ಆಮೇಲೆ ಫ್ಯೂಸಣ್ಣನ ಕಡೆ ತಿರುಗಿ, "ಬನ್ನಿ, ಮೇನ್ ಬೋರ್ಡ್ ಎಲ್ಲಿದೆ ತೋರಿಸಿ," ಅಂದರು.

ಬೋರ್ಡ್ ಇದ್ದದ್ದು ಮೆಟ್ಟಿಲ ಕೆಳಗಿನ ಸಣ್ಣ ಕೋಣೆಯಲ್ಲಿ. ನಾನು ಪೆಟ್ಟಿಗೆ ಹಿಡಿದು ಹಿಂದೆ ಹೋದೆ. ಅಲ್ಲಿ ಅವರು ದನಿ ತಗ್ಗಿಸಿ ಹೇಳಿದರು: "ಮೆಷಿನ್ ಚಕ್ರ ಹೊಲಿಯೋರ ಕಡೆಗೆ ತಿರುಗಬೇಕು. ಇಲ್ಲಿ ಎಲ್ಲಾನೂ ಆ ಕಡೆ ತಿರುಗ್ತಿವೆ. ಬೋರ್ಡಿಗೆ ಬರೋ ಮೂರು ತಂತೀಲಿ ಎರಡು ಅದಲು ಬದಲಾಗಿದೆ, ಅದಕ್ಕೇ ಮೋಟರೆಲ್ಲ ಉಲ್ಟಾ."

ಫ್ಯೂಸಣ್ಣನ ಮುಖ ಪೆಚ್ಚಾಯಿತು. "ಅಲ್ಲಿ ಎಲ್ಲರ ಮುಂದೆ ಹೇಳಬಹುದಿತ್ತಲ್ಲ ನೀವು," ಅಂದ.

"ಹೇಳಬಹುದಿತ್ತು."

"ಈಗ ಬದಲಾಯಿಸಿಬಿಟ್ರೆ ಯಾರಿಗೂ ಗೊತ್ತಾಗಲ್ಲ."

"ಗೊತ್ತಾಗಲ್ಲ," ಎಂದು ಮಂತ್ರದವರು ಒಪ್ಪಿದರು. "ಆದ್ರೆ ಅವರ ಮೆಷಿನ್ ಗುಜರಿ ಅಂತ ಮೇಡಂ ತಲೇಲಿ ಉಳ್ಕೊಳ್ಳುತ್ತೆ. ನೋಡಿ, ನಿಮಗೆ ಬಿಟ್ಟಿದ್ದು."

ಆತ ಮೇನ್ ಇಳಿಸಿ ಎರಡು ತಂತಿಯ ತಿರುಪು ಸಡಿಲಿಸಿದ, ಒಂದರ ಜಾಗಕ್ಕೆ ಇನ್ನೊಂದು ಹಾಕಿದ, ಬಿಗಿದ. ಕೆಲಸ ಐದು ನಿಮಿಷದ್ದು. ಕೈ ಒರೆಸಿಕೊಂಡು ಸೀದಾ ಹಾಲ್‌ಗೆ ಹೋದ. ಮೇಡಂ ಮುಂದೆ ನಿಂತು, "ತಪ್ಪು ನಂದು ಮೇಡಂ. ಎರಡು ತಂತಿ ಹಿಂದು ಮುಂದಾಗಿತ್ತು. ಮೆಷಿನ್ ಒಳ್ಳೇವೇ ಇವೆ," ಅಂದ. ಆಮೇಲೆ ಶೋರೂಮಿನವರ ಕಡೆ ನೋಡದೆಯೇ, "ಗುಜರಿ ಅಂದಿದ್ದು ವಾಪಸ್ ತಗೊಂಡೆ," ಎಂದ.

ಜಗಳಕ್ಕೆ ಸಿದ್ಧವಾಗಿ ನಿಂತವರಿಗೆ ಎದುರಿನವರು ಕೈಚೆಲ್ಲಿದರೆ ಏನು ಮಾಡಬೇಕೆಂದು ತೋಚುವುದಿಲ್ಲ. ಶೋರೂಮಿನವರು ಕೊನೆಗೆ, "ನಾನೂ ತಂದಿಳಿಸಿದ ದಿನ ಒಂದಾದ್ರೂ ಓಡಿಸಿ ನೋಡಬೇಕಿತ್ತು," ಅಂದರು.

ಮೇಡಂ ಇಬ್ಬರನ್ನೂ ನೋಡಿ, "ಸೋಮವಾರ ಹತ್ತು ಗಂಟೆಗೆ ಇಪ್ಪತ್ತೂ ಓಡಿದ್ರೆ ನನಗೆ ಇದ್ಯಾವುದೂ ನೆನಪಿರಲ್ಲ," ಅಂದರು.

ಓಡಿಸುವುದು ಅಷ್ಟು ಸುಲಭವಿರಲಿಲ್ಲ. ತಿರುಗಾಮುರುಗಾ ಓಡಿ ಪ್ರತಿಯೊಂದರ ಕೆಳಗೂ ದಾರ ಸುತ್ತಿ ಗಂಟಾಗಿತ್ತು, ಸೂಜಿಗಳು ಬಾಗಿದ್ದವು. ಅವನ್ನೆಲ್ಲ ಬಿಚ್ಚಿ, ಗಂಟು ತೆಗೆದು, ಎಣ್ಣೆ ಬಿಟ್ಟು ಹೊಂದಿಸಬೇಕಿತ್ತು. ಮಂತ್ರದವರು ಮೊದಲನೆಯದನ್ನು ಮಗುಚಿ ಹಾಕಿ ಕೂತರು. ಶೋರೂಮಿನವರು ಇಸ್ತ್ರಿ ಅಂಗಿಯ ತೋಳು ಮಡಿಸಿ ಪಕ್ಕದಲ್ಲಿ ಕೂತು ಸೂಜಿ ಒಂದೊಂದಾಗಿ ಕೊಡತೊಡಗಿದರು. ಫ್ಯೂಸಣ್ಣ ದೀಪ ಹಿಡಿದ. ನಾನು ಟೀ ತಂದೆ. ನನ್ನ ಕೆಲಸವೂ ಒಂದು ಇರಲಿ ಅಂತ. ನಡುವೆ ಶೋರೂಮಿನವರು ಹದಿನೈದು ವರ್ಷದಿಂದ ತಾವು ಮಾರುತ್ತಿರುವ ಮೆಷಿನ್ನಿನ ಹೊಟ್ಟೆಯನ್ನು ಮೊದಲ ಸಲ ನೋಡುತ್ತಿರುವುದಾಗಿ ಒಪ್ಪಿಕೊಂಡರು. "ಇದೇನು ಮಾಡುತ್ತೆ? ಇದ್ಯಾಕೆ ಹೀಗಿದೆ?" ಎಂದು ಕೇಳಿದ್ದಕ್ಕೆಲ್ಲ ಮಂತ್ರದವರು ಉತ್ತರ ಕೊಟ್ಟರು. ಕೆಲಸದ ವಿಷಯ ಬಂದರೆ ಅವರ ನಾಲಿಗೆ ಎಷ್ಟು ಸಲೀಸಾಗಿ ಹೊರಳುತ್ತದೆ ಅನ್ನುವುದು ನನಗೂ ಗೊತ್ತಾದದ್ದು ಅಂದೇ. ಭಾನುವಾರ ಮಧ್ಯಾಹ್ನ ಊಟದ ಹೊತ್ತಿಗೆ ಇಪ್ಪತ್ತನೆಯದು ಹೊಲಿಯಿತು.

ಮುಂದಿನ ಗುರುವಾರ ಶೋರೂಮಿನವರು ತಮ್ಮ ನಿಮಿಷದಲ್ಲಿ ಹೇಳಿದ್ದು ಇಷ್ಟು: "ನನ್ನ ಹಳೇ ದೂರು ವಾಪಸ್. ಇನ್ನು ಮೇಲೆ ನಾನು ಮಾರಿದ ಮೆಷಿನ್‌ಗೆಲ್ಲ ರಿಪೇರಿ ಇವರೇ." ಮಂತ್ರದವರು ಆ ದಿನ ಅವರಿಗೊಂದು ಚೀಟಿ ಕೊಟ್ಟರು. ಇನ್ನು ಏನು ಮಾಡಿದರೂ ಸರಿಹೋಗದ ಒಂದು ಮೆಷಿನ್, ಅದರ ಯಜಮಾನರ ವಿಳಾಸ, ಅವರಿಗೆ ಎಂಥ ಹೊಸದು ಹೊಂದುತ್ತದೆ ಅನ್ನುವ ವಿವರ. ಆ ಚೀಟಿಯನ್ನು ಶೋರೂಮಿನವರು ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದಾರೆ. ನಾನೇ ಲ್ಯಾಮಿನೇಷನ್ ಮಾಡಿಕೊಟ್ಟಿದ್ದು.

ಕೇಂದ್ರದಲ್ಲಿ ಕಲಿತವರು ಒಬ್ಬೊಬ್ಬರಾಗಿ ಮನೆಯಲ್ಲಿ, ಬೀದಿಯಲ್ಲಿ ಅಂಗಡಿ ಇಟ್ಟರು. ಅವರೆಲ್ಲರ ಮೆಷಿನ್ನಿಗೂ ಮಂತ್ರದವರೇ. ಇವರು ಒಬ್ಬರನ್ನು ಇನ್ನೊಬ್ಬರಿಗೆ ಗಂಟು ಹಾಕುವುದನ್ನೂ ಕಲಿತುಬಿಟ್ಟರು. ಶಾಲೆಯ ಸಮವಸ್ತ್ರಕ್ಕೆ ಜನ ಬೇಕು ಎಂದು ಟೀಚರ್ ಹೇಳಿದರೆ, ಕಾಲರ್ ಚೆನ್ನಾಗಿ ಹೊಲಿಯುವವರು ಯಾರು, ಗುಂಡಿಯ ಕಾಜಾ ಯಾರದು ನೀಟು ಎಂದು ಪುಸ್ತಕ ನೋಡಿ ಹೇಳುತ್ತಿದ್ದರು. ಕೂಟದಲ್ಲಿ ಅವರ ನಿಮಿಷ ಈಗ ಪೂರ್ತಿ ಆಗುತ್ತದೆ. ಅದರಲ್ಲಿ ತಮ್ಮ ಬಗ್ಗೆ ಐದು ಸೆಕೆಂಡ್, ಉಳಿದದ್ದು ಬೇರೆಯವರ ಕೆಲಸದ ಬಗ್ಗೆ.

ಆರು ವರ್ಷದ ಮೇಲೆ ಅವರ ಎರಡು ಕಣ್ಣಿಗೂ ಪೊರೆ ಬಂತು. ಒಂದಾದ ಮೇಲೆ ಒಂದು ಆಪರೇಷನ್. ಎರಡು ತಿಂಗಳು ಬಗ್ಗಬಾರದು, ಧೂಳು ಕೂಡದು, ಸೂಜಿಯ ಕೆಲಸವಂತೂ ಬೇಡವೇ ಬೇಡ ಎಂದು ಡಾಕ್ಟರು ಹೇಳಿದರು. ಮನುಷ್ಯ ಕುಗ್ಗಿಹೋದರು. ಎರಡು ತಿಂಗಳು ಬಾಗಿಲು ಹಾಕಿದರೆ ಜನ ಬೇರೆ ದಾರಿ ನೋಡಿಕೊಳ್ಳುತ್ತಾರೆ, ಮತ್ತೆ ಮೊದಲಿನಿಂದ ಶುರು ಮಾಡಬೇಕು ಎಂಬ ಚಿಂತೆ.

ಬಾಗಿಲು ಹಾಕಲೇ ಇಲ್ಲ. ಬೆಳಿಗ್ಗೆ ಶಟರ್ ಎತ್ತುವುದು ನಾನು. ಫೋನ್ ತೆಗೆಯುವುದೂ ನಾನೇ. "ಏನೇ ಕಂಪ್ಲೇಂಟ್ ಬಂದ್ರೂ ಮೊದಲು ಹೊಸ ಸೂಜಿ ಹಾಕಿ ನೋಡಿ ಅನ್ನಿ," ಎಂದು ಅವರು ನನಗೆ ಪಾಠ ಹೇಳಿದ್ದರು. ನಾನು ಎಲ್ಲರಿಗೂ ಅದನ್ನೇ ಹೇಳಿದೆ. ನಂಬಿ, ಅರ್ಧಕ್ಕರ್ಧ ಮೆಷಿನ್ ಅಷ್ಟಕ್ಕೇ ಸರಿಹೋದವು. ಬೀದಿಯಲ್ಲಿ ನನಗೂ ಒಂದಿಷ್ಟು ಹೆಸರು ಬಂತು. ಸೂಜಿಗೆ ಬಗ್ಗದವನ್ನು ನೋಡಲು ಶೋರೂಮಿನವರು ಹೊಸ ಮೆಷಿನ್ ಕೂರಿಸಿಕೊಡಲು ಇಟ್ಟುಕೊಂಡಿದ್ದ ಮೆಕ್ಯಾನಿಕ್ಕನ್ನು ವಾರಕ್ಕೆರಡು ದಿನ ಇಲ್ಲಿಗೇ ಕಳಿಸಿದರು. ಪ್ರೆಸ್ಸಕ್ಕ ಬಾಗಿಲಿಗೊಂದು ಸೂಚನೆ ಅಚ್ಚು ಹಾಕಿ ತಂದು ಅಂಟಿಸಿದರು. ನಾಲ್ಕು ಸಲ ಪ್ರೂಫ್ ನೋಡಿದ್ದೇನೆ ಎಂದು ಹೇಳಿ, ಅಂಟಿಸಿದ ಮೇಲೆ ಐದನೆಯ ಸಲ ಓದಿದರು. ಫ್ಯೂಸಣ್ಣ ಬೆಂಚಿನ ಮೇಲಿನ ಟ್ಯೂಬ್‌ಲೈಟ್ ತೆಗೆದು, ಬೇಕಾದ ಕಡೆ ಬಗ್ಗಿಸಬಹುದಾದ ಒಳ್ಳೆಯ ದೀಪ ಹಾಕಿದ. ಇನ್ನು ಅವರು ಯಾವ ಕಡೆ ತಿರುಗಿ ಬೇಕಾದರೂ ಕೂರಬಹುದು.

ಕೂಟದವರು ದಿನಕ್ಕೊಬ್ಬರಂತೆ ಮನೆಗೂ ಹೋಗಿ ಬಂದರು. ಮಂತ್ರದವರು ಕಪ್ಪು ಕನ್ನಡಕ ಹಾಕಿಕೊಂಡು ಕುರ್ಚಿಯಲ್ಲಿ ಕೂತು ಎಲ್ಲರ ಮಾತು ಕೇಳಿಸಿಕೊಳ್ಳುತ್ತಿದ್ದರು. ಬರೆದುಕೊಳ್ಳಲು ಆಗುತ್ತಿರಲಿಲ್ಲ. ಟೀಚರ್ ಅವರ ಪರವಾಗಿ ಪುಸ್ತಕದಲ್ಲಿ ಬರೆದಿಟ್ಟರು, ಕೆಂಪು ಶಾಯಿಯಲ್ಲಿ.

ಕಳೆದ ಸೋಮವಾರ ಅವರು ಮತ್ತೆ ಅಂಗಡಿಗೆ ಬಂದರು. ಇಡೀ ದಿನ ಹೆಚ್ಚೇನೂ ಮಾಡಲಿಲ್ಲ. ಸ್ಕ್ರೂಡ್ರೈವರ್‌ಗಳನ್ನು ಒಂದೊಂದಾಗಿ ತೆಗೆದು ಒರೆಸಿ ತೂಗುಹಾಕಿದರು, ಒಂದು ಹಳೆಯ ಕಾಲು ತುಳಿಯುವ ಮೆಷಿನ್ ಬಿಚ್ಚಿ ಜೋಡಿಸಿದರು. "ಇದರೊಳಗೆ ಇಷ್ಟೊಂದು ಕೊಳೆ ಇತ್ತಾ? ಕಾಣಿಸ್ತಾನೇ ಇರಲಿಲ್ಲ," ಎಂದು ತಮ್ಮಷ್ಟಕ್ಕೆ ಅಂದುಕೊಂಡದ್ದು ಗೋಡೆಯಾಚೆ ಕೇಳಿಸಿತು.

ಸಂಜೆ ಐದಕ್ಕೆ ಟೀಚರ್ ಶಾಲೆ ಮುಗಿಸಿ, ದಾರಿಯಲ್ಲಿ ಹಾಲು ಕೊಂಡು ಇಲ್ಲಿಗೇ ಬಂದರು, ಗಂಡನನ್ನು ಒಬ್ಬರನ್ನೇ ರಸ್ತೆ ದಾಟಲು ಬಿಡಬಾರದು ಎಂದು. ನಾನೂ ಅಂಗಡಿ ಹಾಕಿ ಅವರ ಜೊತೆ ಹೊರಟೆ, ನನ್ನ ಮನೆಯೂ ಅದೇ ದಿಕ್ಕು. ಹತ್ತು ನಿಮಿಷದ ದಾರಿ. ಮೊದಲು ಬಣ್ಣದವರು ಏಣಿಯ ಮೇಲಿಂದ ಇಳಿದು ಬಂದು ಕಣ್ಣು ಹೇಗಿದೆ ಎಂದು ಕೇಳಿದರು. ಅವರನ್ನು ದಾಟಿದರೆ ವಾಚಿನವರು. ಅಲ್ಲಿಂದ ಮುಂದೆ ಕೇಂದ್ರದಲ್ಲಿ ಕಲಿತ ಇಬ್ಬರು ಹೆಂಗಸರ ಅಂಗಡಿ. ಅವರು ಕುರ್ಚಿ ಹಾಕಿ ಕೂರಿಸಿದರು. ಹೊಲಿಗೆ ಸಡಿಲ ಬರುತ್ತಿದೆ ಎಂದರು. ಇವರು ಕೂತಲ್ಲಿಂದಲೇ ಏನು ತಿರುಗಿಸಬೇಕು ಎಂದು ಹೇಳಿದರು, ನಲ್ಲಿಯವರ ಹೊಸ ಮನೆಯ ಪರದೆ ಹೊಲಿಯುವ ಕೆಲಸ ಆ ಹೆಂಗಸರಿಗೆ ಹೊಂದುತ್ತದೆ ಎಂದು ಲೆಕ್ಕ ಹಾಕಿ ಪುಸ್ತಕ ತೆಗೆದರು. ಮುಕ್ಕಾಲು ಗಂಟೆಯಾದರೂ ನಾವು ಅರ್ಧ ದಾರಿ ದಾಟಿರಲಿಲ್ಲ.

ಟೀಚರ್ ಹಾಲಿನ ಪಾಕೆಟ್ಟನ್ನು ಮುಟ್ಟಿ ನೋಡಿ ನನ್ನ ಕಡೆ ತಿರುಗಿದರು. "ಇದನ್ನ ನಮ್ಮ ಮನೆ ಬಾಗಿಲ ಹತ್ರ ನೆರಳಲ್ಲಿ ಇಟ್ಟು ಹೋಗ್ತೀರಾ? ಇವರು ಇನ್ನೂ ದರ್ಜಿ ಅಂಗಡಿ, ಔಷಧಿ ಅಂಗಡಿ ದಾಟಬೇಕು." ದನಿಯಲ್ಲಿ ದೂರು ಇತ್ತು. ಮುಖದಲ್ಲಿ ಇರಲಿಲ್ಲ. ನಾನು ಹಾಲು ತೆಗೆದುಕೊಂಡು ಮುಂದೆ ನಡೆದೆ.